ಕಣ್ಣಿನ ಸಾಲು

"ಟೀ ಪುಡಿ ಮಾತ್ರ ನೀವು ತರಬೇಡಿ, ಅದನ್ನ ನಾನೇ ತರ್ತೀನಿ" ಎಂದು ಹೆಂಡತಿ ಹೊದಿಕೆಯೊಳಗಿಂದ ಹೇಳಿದ ಮಾತು ಅವನ ಜೊತೆಗೇ ಮೆಟ್ಟಿಲಿಳಿದು, ಬೀದಿ ದಾಟಿ, ಅಂಗಡಿಯ ಗಾಜಿನ ಬಾಗಿಲು ತಾನಾಗಿಯೇ ಸರಿದುಕೊಳ್ಳುವವರೆಗೂ ಬಂದಿತ್ತು. ಉಳಿದದ್ದನ್ನೆಲ್ಲ ಅವಳು ಜ್ವರದ ಬಾಯಲ್ಲೇ ಒಪ್ಪಿಸಿದ್ದಳು. ಹಾಲು, ಸಕ್ಕರೆ, ಪಾತ್ರೆ ತೊಳೆಯುವ ಸೋಪು, ಜ್ವರದ ಮಾತ್ರೆ. ಸೋಪು ಯಾವುದಾದರೂ ನಡೆಯುತ್ತದೆ, ಸಕ್ಕರೆಗೆ ಹೆಸರೇನು ಬೇಕು, ಸಿಹಿಯಾಗಿದ್ದರೆ ಸಾಕು. ಇಷ್ಟೂ ಆಗಿ ಅವನು ಚಪ್ಪಲಿ ಮೆಟ್ಟುತ್ತಿರುವಾಗ ಈ ಮಾತು. ಅರ್ಧ ಆಯುಷ್ಯ ಕಂಪನಿಯೊಂದರ ಟೀ ಪುಡಿ ಮಾರಿದವನಿಗೆ, ಊರಿನ ಯಾವ ಅಂಗಡಿಯ ಯಾವ ಮೂಲೆಯಲ್ಲಿ ಇಲಿ ಓಡಾಡುತ್ತದೆ ಎಂಬುದನ್ನು ಕೂಡ ಬಲ್ಲವನಿಗೆ, ತನ್ನ ಮನೆಗೆ ಒಂದು ಪೊಟ್ಟಣ ತರುವ ಯೋಗ್ಯತೆ ಇಲ್ಲ.

"ಯಾಕೆ? ಮುಗಿದಿದೆ ತಾನೆ? ಡಬ್ಬ ಅಲ್ಲಾಡಿಸಿದೆ, ಸದ್ದೇ ಇಲ್ಲ" ಎಂದಿದ್ದ ಅವನು.

"ಇರ್ಲಿ ರೀ. ನಾಳೆ ಕೆಲಸದಿಂದ ಬರೋವಾಗ ತರ್ತೀನಿ."

"ನಾಳೆ ಕೆಲಸಕ್ಕೆ ಹೋಗ್ತಾಳಂತೆ! ಮೈ ಕಾದ ಹೆಂಚಾಗಿದೆ."

"ನೀವು ಆ ಸಾಲಿನಲ್ಲಿ ಹೋಗಿ ನಿಲ್ಲೋದು… ಬೇಡ ಬಿಡಿ."

ಅವಳು ಗೋಡೆಯ ಕಡೆ ಹೊರಳಿದ್ದಳು. ಮಾತಿನಲ್ಲಿ ಕರುಣೆ ಇತ್ತು, ಅದೇ ಅವನನ್ನು ಚುಚ್ಚಿದ್ದು. ಅವಮಾನ ಮಾಡಿದ್ದರೆ ಎರಡು ಮಾತು ಎದುರಾಡಿ ಹಗುರಾಗಬಹುದಿತ್ತು. ಕರುಣೆಗೆ ಏನೆಂದು ಎದುರಾಡುವುದು? ಕೆಲಸ ಹೋದ ಗಂಡಸಿಗೆ ಮನೆಯವರು ತೋರಿಸುವ ಈ ನಾಜೂಕು, ಪೇಪರಿನಲ್ಲಿ ಕಂಪನಿಯ ಜಾಹೀರಾತು ಬಂದರೆ ಆ ಪುಟ ಒಳಗಾಗುವಂತೆ ಮಡಿಸಿಡುವ ಈ ಜಾಣತನ, ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾಳೆ. ಆದ್ದರಿಂದ ತಂದೇ ತರುತ್ತೇನೆ ಎಂದು ಅವನು ತೀರ್ಮಾನಿಸಿದ್ದು ಬೀದಿಯ ಮಧ್ಯದಲ್ಲಿ, ಯಾರೋ ಹಾರ್ನು ಹೊಡೆದು "ಮನೇಲಿ ಹೇಳಿ ಬಂದಿದ್ದೀರಾ ಯಜಮಾನ್ರೆ?" ಎಂದು ಕೂಗಿದಾಗ.

ಅಂಗಡಿಯೊಳಗೆ ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಬಿಳಿ ಬೆಳಕು. ಅವನಿಗೆ ಸಿಕ್ಕಿದ ಗಾಡಿಯ ಒಂದು ಚಕ್ರ ಎಡಕ್ಕೆ ಎಳೆಯುತ್ತಿತ್ತು, ಅದರ ಮನಸ್ಸಿಗೆ ವಿರುದ್ಧವಾಗಿ ದಾರಿಯುದ್ದಕ್ಕೂ ಅದನ್ನು ಬಲಕ್ಕೆ ಒಲಿಸಿಕೊಂಡು ಹೋಗಬೇಕಾಯಿತು. ಹಾಲು ತೆಗೆದುಕೊಂಡ. ಸಕ್ಕರೆಯ ಹತ್ತಿರ ಅಂಗಡಿಯವರದೇ ಅಗ್ಗದ ಬಿಳಿ ಪೊಟ್ಟಣವೂ ಇತ್ತು, ಹೆಸರಿರುವ, ಚಿನ್ನದ ಬಣ್ಣದ ಅಂಚಿನ ಪೊಟ್ಟಣವೂ ಇತ್ತು. ಕೈ ಯೋಚಿಸದೆ ಬಿಳಿಯದನ್ನು ಎತ್ತಿ ಹಾಕಿತು. ಸೋಪೂ ಹಾಗೆಯೇ. ಸಕ್ಕರೆಯ ವಿಷಯದಲ್ಲಿ ಅವನಿಗೆ ಯಾವ ಸ್ವಾಭಿಮಾನವೂ ಇರಲಿಲ್ಲ. ಸಕ್ಕರೆ ಮಾರುವ ಮನುಷ್ಯನೊಬ್ಬ ಎಲ್ಲೋ ಇದ್ದಾನೆ, ಅವನೂ ಯಾವುದೋ ಮನೆಯಲ್ಲಿ ಕೂತು ಅಂಗಡಿಯವರದೇ ಟೀ ಕುಡಿಯುತ್ತಿರಬಹುದು ಎಂಬ ಯೋಚನೆ ಬಂದು, ಒಂದು ಕ್ಷಣ ನಗು ಬಂದು, ಹೋಯಿತು.

ಚಹಾದ ಸಾಲಿಗೆ ತಿರುಗುವ ಮೊದಲೇ ಅವನ ಬೆನ್ನು ನೆಟ್ಟಗಾಯಿತು. ಹಳೆಯ ಅಭ್ಯಾಸ. ಒಂದು ಕಾಲದಲ್ಲಿ ಅವನು ಬರುವುದನ್ನು ಕಂಡರೆ ಅಂಗಡಿಗಳಲ್ಲಿ ಕೆಲಸದವರು ತಾವಾಗಿಯೇ ಪೊಟ್ಟಣಗಳನ್ನು ಎಳೆದು ಅಂಚಿಗೆ ತರುತ್ತಿದ್ದರು. ಬಂದವನೇ "ಮುಂದಕ್ಕೆ, ಮುಂದಕ್ಕೆ" ಎನ್ನುತ್ತಿದ್ದನೆಂದು ಅವನಿಗೆ ಮುಂದಕ್ಕಪ್ಪ ಎಂದು ಹೆಸರಿಟ್ಟಿದ್ದರು. ಅದು ತನಗೆ ಗೊತ್ತಿಲ್ಲವೆಂದು ಅವರು ತಿಳಿಯಲಿ ಎಂದು ಅವನೂ ಬಿಟ್ಟಿದ್ದ. ಅವನ ವಿದ್ಯೆ ಇಷ್ಟೇ: ಅಂಗಡಿಯ ಗೋಡೆಗೆ ಮನುಷ್ಯನ ಹಾಗೆ ಮೈಯಿದೆ. ಕಣ್ಣಿನ ಸಾಲು, ಸೊಂಟದ ಸಾಲು, ಮೊಣಕಾಲಿನ ಸಾಲು. ಕಣ್ಣಿನ ಸಾಲಿನಲ್ಲಿದ್ದದ್ದು ಮನೆಗೆ ಹೋಗುತ್ತದೆ, ಮೊಣಕಾಲಿನ ಸಾಲಿನಲ್ಲಿದ್ದದ್ದು ಧೂಳು ತಿನ್ನುತ್ತದೆ. ಹೆಸರು ಯಾವಾಗಲೂ ಗಿರಾಕಿಯ ಕಡೆ ಮುಖಮಾಡಿರಬೇಕು. ಹಳೆಯ ಸರಕು ಮುಂದೆ, ಹೊಸದು ಹಿಂದೆ. ಕೆಲಸ ಹೋದ ಮೇಲೆ ಈ ವಿದ್ಯೆ ಮನೆಯ ಅಡುಗೆಮನೆಗೆ ಇಳಿದಿತ್ತು. ಉಪ್ಪಿನ ಡಬ್ಬ, ಬೇಳೆಯ ಡಬ್ಬ, ಎಲ್ಲದರ ಮುಖವನ್ನೂ ಅವನು ಮುಂದಕ್ಕೆ ತಿರುಗಿಸಿಡುತ್ತಿದ್ದ. ಹೆಂಡತಿ ಒಂದು ದಿನ ಸೌಟು ಹಿಡಿದುಕೊಂಡೇ ಕೇಳಿದ್ದಳು: "ನಮ್ಮನೇಲಿ ಯಾರು ರೀ ಗಿರಾಕಿ?"

ಕಣ್ಣಿನ ಸಾಲಿನಲ್ಲಿ ಅಂಗಡಿಯವರ ಬಿಳಿ ಪೊಟ್ಟಣಗಳು ಒಂದರ ಪಕ್ಕ ಒಂದು, ಆಸ್ಪತ್ರೆಯ ಹಾಸಿಗೆಗಳ ಹಾಗೆ ಇದ್ದವು. ಚಿತ್ರವಿಲ್ಲ, ಬಣ್ಣವಿಲ್ಲ, ಚಹಾ ಎಂಬ ಒಂದೇ ಮಾತು. ಕಂಪನಿಯ ಚಹಾ ಎಲ್ಲಿ ಎಂದು ಅವನ ಕಣ್ಣು ಮೇಲೆ ಹೋಯಿತು, ಸೊಂಟದ ಮಟ್ಟಕ್ಕೆ ಬಂತು, ಕೊನೆಗೆ ಅವನ ಪಾದದ ಹತ್ತಿರ ಕಂಡಿತು. ಕೆಂಪು ಪೊಟ್ಟಣಗಳು ಹಿಂದಕ್ಕೆ ಸರಿದು ಕತ್ತಲಲ್ಲಿ ಒಂದರ ಮೇಲೊಂದು ಒರಗಿಕೊಂಡಿದ್ದವು. ತನ್ನವರು ಬಸ್‌ ನಿಲ್ದಾಣದಲ್ಲಿ ಮಲಗಿರುವುದನ್ನು ಕಂಡ ಹಾಗಾಗಿ ಅವನು ಕುಕ್ಕರಗಾಲಿನಲ್ಲಿ ಕೂತ. ಮೊಣಕಾಲು ಲಟಕ್ಕೆಂದಿತು. ಕೈಹಾಕಿ ಒಂದೊಂದನ್ನೇ ಎಳೆದು, ಅಂಗಿಯ ತುದಿಯಿಂದ ಧೂಳು ಒರೆಸಿ, ಮುಖ ತಿರುಗಿಸಿ ಅಂಚಿಗೆ ನಿಲ್ಲಿಸತೊಡಗಿದ. ಎರಡನೆಯ ಸಾಲು ಅರ್ಧವಾಗುವಾಗ ಅವನ ಪಕ್ಕದಲ್ಲಿ ಅಂಗಡಿಯ ನೀಲಿ ಏಪ್ರನ್ನು ಬಂದು ನಿಂತಿತು.

"ಏನ್ಮಾಡ್ತಿದ್ದೀರಾ ಸಾರ್?" ರ್‍ಯಾಕು ತುಂಬುವ ಹೆಂಗಸು. ಕಂಕುಳಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ.

"ಹಿಂದಕ್ಕೆ ಹೋಗಿದ್ವು. ಮುಂದಕ್ಕೆ…"

"ತಗೊಳ್ಳೋದಾದ್ರೆ ತಗೊಳ್ಳಿ ಸಾರ್, ಸಾಲು ನಾವು ನೋಡ್ಕೋತೀವಿ. ಆಮೇಲೆ ನಮ್ಮ ಮೇಲೆ ಬರುತ್ತೆ." ಆಮೇಲೆ ಸ್ವಲ್ಪ ಮೆತ್ತಗೆ, "ಏಳೋಕಾಗುತ್ತಾ? ಕೈ ಕೊಡ್ಲಾ?"

ಆಗುತ್ತೆ ಎಂದು ಅವನು ಎದ್ದ. ಏಳುವಾಗ ಹಿಡಿದದ್ದು ಬಿಳಿ ಪೊಟ್ಟಣಗಳ ಹಲಗೆಯನ್ನೇ. ಕೈಯಲ್ಲಿ ಒಂದು ಕೆಂಪು ಪೊಟ್ಟಣ ಉಳಿದಿತ್ತು. ಅದನ್ನು ಗಾಡಿಗೆ ಹಾಕಿ, ಏನೋ ಗೆದ್ದವನ ಹಾಗೆ ನಾಲ್ಕು ಹೆಜ್ಜೆ ಹೋದ.

ಬಿಲ್ಲಿನ ಸಾಲಿನಲ್ಲಿ ನಿಂತಾಗ ಪೊಟ್ಟಣದ ಮೇಲಿನ ಚಿತ್ರದ ಟೀ ಕಪ್ಪು ಅವನನ್ನೇ ನೋಡುತ್ತಿತ್ತು. ಬೋಳು ಕಪ್ಪು. ಅದರ ಮೇಲೆ ಹಬೆ ಇರಲಿಲ್ಲ. ಹಬೆ ತೆಗೆದ ಮೀಟಿಂಗಿನಲ್ಲಿ ಅವನೂ ಇದ್ದ. ಅಲ್ಲಿ ಬಾಯಿಬಿಟ್ಟವನು ಅವನೊಬ್ಬನೇ. ಪರದೆಯ ಮೇಲೆ ಹೊಸ ಪೊಟ್ಟಣ ತೋರಿಸಿ, ಸ್ವಚ್ಛ, ಸರಳ, ಹೊಸ ಕಾಲ ಎಂದು ಯಾರೋ ಹೇಳುತ್ತಿದ್ದಾಗ ಅವನು ಎದ್ದು ನಿಂತು, "ಹಬೆ ಇಲ್ಲದಿದ್ರೆ ಟೀ ಬಿಸಿ ಇದೆ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಸಾರ್?" ಎಂದಿದ್ದ. ಕೋಣೆಯೆಲ್ಲ ನಕ್ಕಿತ್ತು. ತನ್ನ ಮಾತಿನ ಚಮತ್ಕಾರಕ್ಕೆ ನಕ್ಕರೆಂದುಕೊಂಡು ಅವನೂ ನಕ್ಕಿದ್ದ. ಮುಂದಿನ ಮೀಟಿಂಗಿಗೆ ಅವನಿಗೆ ಕರೆ ಬಂದಿರಲಿಲ್ಲ. ಹಾಗಾದರೆ ಹಬೆ ಹೋಗಿ ಎಷ್ಟು ಕಾಲವಾಯಿತು ಎಂದು ಯೋಚಿಸುತ್ತಿದ್ದವನಿಗೆ ಬೆಳಿಗ್ಗೆ ತಾನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ ಕಂಪನಿಯ ಡಬ್ಬ ನೆನಪಾಯಿತು. ಅದರ ಮೇಲಿನ ಕಪ್ಪಿನಿಂದ ಹಬೆ ಏಳುತ್ತಿತ್ತು. ಬಳ್ಳಿಯ ಹಾಗೆ ಬಳುಕಿ, ಚಂದವಾಗಿ. ಊರಿನ ಅಂಗಡಿಗಳಲ್ಲೆಲ್ಲ ಆರಿ ತಣ್ಣಗಾದ ಕಪ್ಪು ಅವನ ಮನೆಯಲ್ಲಿ ಮಾತ್ರ ಇನ್ನೂ ಬಿಸಿಯಾಗಿತ್ತು. ಲೇಬಲ್ಲು ಒಂದು ಬೆರಳು ಓರೆಯಾಗಿದ್ದರೆ ಬೀದಿಯಾಚೆಯಿಂದ ಕಾಣುವ ಕಣ್ಣಿಗೆ, ದಿನವೂ ತಾನೇ ಮುಂದಕ್ಕೆ ತಿರುಗಿಸಿಡುವ ಡಬ್ಬ ಹಳೆಯದೆಂಬುದು ಕಂಡಿರಲಿಲ್ಲ.

ಡಬ್ಬ ಹಳೆಯದಾದರೆ ಏನಾಯಿತು, ಒಳಗಿನದು ಕಂಪನಿಯದೇ, ಹೊಸದೇ ಇರಬಹುದು. ಈಗ ಡಬ್ಬದಲ್ಲಿ ಬರುವುದೇ ಇಲ್ಲ. ಪೊಟ್ಟಣ ತಂದು ಹಳೆಯ ಡಬ್ಬಕ್ಕೆ ಸುರಿಯುತ್ತಾಳೆ, ಸಂಸಾರಸ್ಥೆ ಮಾಡುವುದೇ ಅದು. ಹೀಗೆ ಅವನು ತನಗೆ ತಾನೇ ಮಾಲು ಮಾರುತ್ತಿರುವಾಗ ಸರದಿ ಬಂತು.

ಬಿಲ್ಲು ಮಾಡುವ ಹುಡುಗಿ ಹಾಲು, ಸಕ್ಕರೆ, ಸೋಪು, ಮಾತ್ರೆ ಎಂದು ಒಂದೊಂದನ್ನೇ ಕೀಕ್‌ ಅನ್ನಿಸಿ ದಾಟಿಸಿದಳು. ಆಮೇಲೆ ಅವನು ಮುಂದಿಟ್ಟಿದ್ದ ಬಟ್ಟೆಯ ಚೀಲ ನೋಡಿ, ಅವನ ಮುಖ ನೋಡಿದಳು. ಹರಿದ ಕಡೆ ಹಸಿರು ಬಟ್ಟೆಯ ತೇಪೆ ಹಾಕಿದ ಚೀಲ.

"ಇದು ಕನ್ನಡಕದ ಅಂಗಡಿ ಆಂಟಿ ಚೀಲ ಅಲ್ವಾ? ಹುಷಾರಿಲ್ವಾ ಅವರಿಗೆ?"

"ಜ್ವರ."

"ಅಯ್ಯೋ. ನಂಗೆ ಕನ್ನಡಕ ಅವರೇ ಆರಿಸಿಕೊಟ್ಟಿದ್ದು, ನೋಡಿ." ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ತೋರಿಸಿದಳು. ಆಮೇಲೆ ಕೆಂಪು ಪೊಟ್ಟಣವನ್ನು ಎತ್ತಿಕೊಂಡು, ಕೀಕ್‌ ಅನ್ನಿಸದೆ, ಮಗುವಿನ ತಪ್ಪು ತಿದ್ದುವ ದನಿಯಲ್ಲಿ ಹೇಳಿದಳು: "ಅಂಕಲ್, ಇದಲ್ಲ. ಆಂಟಿ ತಗೊಳ್ಳೋದು ಬಿಳಿದು. ಯಾವಾಗ್ಲೂ ಅದೇ. ಒಂದು ಸಲ ಖಾಲಿಯಾಗಿತ್ತು ಅಂತ ಎರಡು ದಿನ ಬಿಟ್ಟು ಬಂದಿದ್ರು, ಇದನ್ನ ತಗೊಂಡಿರ್ಲಿಲ್ಲ. ಬದಲಾಯಿಸ್ಕೊಂಡು ಬರ್ತೀರಾ? ಆಮೇಲೆ ಮನೇಲಿ ಬೈಸ್ಕೋತೀರ."

ಹಿಂದೆ ನಿಂತಿದ್ದವನು "ಬೇಗ ಆಗ್ಲಿ ಸಾರ್, ಟೀ ಆರೋಗುತ್ತೆ" ಎಂದ. ಇಬ್ಬರು ನಕ್ಕರು. ಅವನಿಗೆ ಅದೇ ಕೋಣೆ, ಅದೇ ನಗು ಎನ್ನಿಸಿತು. ಆ ಎರಡು ದಿನ ಅವನಿಗೆ ನೆನಪಿತ್ತು. ಡಬ್ಬ ಕೈಜಾರಿ ಪುಡಿಯೆಲ್ಲ ಚೆಲ್ಲಿತೆಂದು ಅವಳು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕೊಟ್ಟಿದ್ದಳು. ಅವನು ಮುಖ ಗಂಟಿಕ್ಕಿ, ಒಂದು ಡಬ್ಬ ಹಿಡಿಯುವುದಕ್ಕೂ ಬರುವುದಿಲ್ಲವೇ ಎಂದಿದ್ದ. ಮಿಕ್ಕ ದಿನಗಳ ಬೆಳಿಗ್ಗೆಗಳೂ ನೆನಪಾದವು. ಮೊದಲ ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ತೀರ್ಪು ಕೊಡುವವನ ಹಾಗೆ ಅವನು ಹೇಳುತ್ತಿದ್ದ: "ಇದೀಗ ಟೀ!" ಅವಳು ಒಲೆಯ ಹತ್ತಿರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವನನ್ನೇ ನೋಡುತ್ತಿದ್ದಳು. ಆ ನೋಟವನ್ನು ಅವನು ಇಷ್ಟು ದಿನ ಮೆಚ್ಚುಗೆಯ ಖಾತೆಗೆ ಬರೆದುಕೊಂಡಿದ್ದ. ಈಗ ಅದೇ ಮುಖವನ್ನು ಎದುರಿಗೆ ನಿಲ್ಲಿಸಿ ನೋಡಿದರೆ, ಇವತ್ತೂ ಪಾರಾದೆ ಎಂದು ಉಸಿರು ಬಿಡುವ ಮುಖವಾಗಿತ್ತು ಅದು. ದಿನಾ ಬೆಳಿಗ್ಗೆ ಪರೀಕ್ಷೆ ಬರೆದು ಬಸ್ಸು ಹಿಡಿದು ಹೋಗುತ್ತಿದ್ದವಳು, ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಹಲಗೆಯ ಪಕ್ಕ ನಿಂತು ಬಂದವರನ್ನೆಲ್ಲ ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುತ್ತಿದ್ದಳು.

ಅವಳು ಯಾಕೆ ಹೇಳಲಿಲ್ಲ ಎಂದು ಕೇಳಿಕೊಳ್ಳುವ ಹಕ್ಕು ಅವನಿಗಿರಲಿಲ್ಲ. ಅವಳ ತಮ್ಮ ಹೊಸದಾಗಿ ಮನೆ ಮಾಡಿದಾಗ ಇವರಿಬ್ಬರೂ ಹೋಗಿದ್ದರು. ತಮ್ಮನ ಹೆಂಡತಿ, ಇನ್ನೂ ಎಳೆ ಪ್ರಾಯದವಳು, ಹೊಸ ಕಪ್ಪುಗಳಲ್ಲಿ ಟೀ ತಂದಿಟ್ಟು ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಒಂದು ಗುಟುಕು ಕುಡಿದು ಕಪ್ಪನ್ನು ಸಾಸರಿನ ಮೇಲೆ ಸದ್ದಾಗುವ ಹಾಗೆ ಇಟ್ಟು, "ಅಂಗಡೀದಲ್ವಾ ಇದು? ಮರದ ಹೊಟ್ಟು ಬೇಯಿಸಿದ ಹಾಗಿದೆಯಲ್ಲಮ್ಮ. ಹೇಳಿದ್ರೆ ಎರಡು ಡಬ್ಬ ನಾನೇ ಕಳಿಸ್ತಿರ್ಲಿಲ್ವಾ?" ಎಂದಿದ್ದ. "ಭಾವನ ನಾಲಿಗೆ ಅಂದ್ರೆ ನಾಲಿಗೆ" ಎಂದು ತಮ್ಮ ಪೆಚ್ಚಾಗಿ ಹೇಳಿದ್ದ. ಆ ಹುಡುಗಿ ನಗುನಗುತ್ತಲೇ ಕಪ್ಪೆತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಹೆಂಡತಿ ಕಿಟಕಿಯ ಕಡೆಗೇ ಮುಖ ಮಾಡಿದ್ದಳು, ತಲೆನೋವಿರಬೇಕು ಎಂದುಕೊಂಡಿದ್ದ. ಅದೂ ಹೋಗಲಿ. ಇಷ್ಟು ದಿನ ತನಗೇ ಹೇಳಿಕೊಳ್ಳದ ಒಂದು ವಿಷಯ ಈಗ, ಹಿಂದೆ ಜನ ಗಾಡಿ ತಳ್ಳಿಕೊಂಡು ನಿಂತಿರುವಾಗ, ಸುಮ್ಮನೆ ಬಂದು ಎದುರಿಗೆ ನಿಂತಿತು. ಆ ಟೀ ಅಂಗಡಿಯದೆಂದು ಅವನ ನಾಲಿಗೆ ಹೇಳಿರಲಿಲ್ಲ. ಕೈತೊಳೆಯಲು ಒಳಗೆ ಹೋದಾಗ ಅಡುಗೆಮನೆಯ ಕಿಟಕಿಯಲ್ಲಿ ಬಿಳಿ ಪೊಟ್ಟಣ ಇದ್ದದ್ದನ್ನು ಅವನು ನೋಡಿದ್ದ.

"ಅಂಕಲ್?" ಎಂದಳು ಹುಡುಗಿ.

ಕೆಂಪು ಪೊಟ್ಟಣವನ್ನೇ ಒಯ್ದರೆ ಸತ್ಯ ಮನೆಗೆ ಬರುತ್ತದೆ. ನಾಳೆ ಬೆಳಿಗ್ಗೆ ಅದರ ರುಚಿ ಬೇರೆಯಾಗುತ್ತದೆ. ಅವನು ಬೇರೆ ಎಂದರೂ ಕಷ್ಟ, ಎನ್ನದಿದ್ದರೂ ಕಷ್ಟ. ಬಿಳಿಯದನ್ನು ಒಯ್ದು ಅವಳ ಮುಂದಿಟ್ಟರೆ, ಸಿಕ್ಕಿಬಿದ್ದೆ ನೋಡು ಎಂದ ಹಾಗೆ. ಜ್ವರದಲ್ಲಿ ಮಲಗಿದವಳು ಎದ್ದು ಕೂತು, ತಪ್ಪು ಮಾಡಿದವಳ ಹಾಗೆ, ಅದು ಹಾಗಲ್ಲ ರೀ ಎಂದು ಶುರುಮಾಡುವುದನ್ನು ಅವನು ನೋಡಬೇಕಾಗುತ್ತದೆ. ಅದೊಂದನ್ನು ನೋಡಲು ಅವನಿಗೆ ಶಕ್ತಿ ಇರಲಿಲ್ಲ.

"ಬದಲಾಯಿಸ್ಕೊಂಡು ಬರ್ತೀನಮ್ಮ. ತಪ್ಪಾಗಿ ಬಂತು."

ಸಾಲಿನವರ ಪಕ್ಕದಿಂದ, ಕ್ಷಮಿಸಿ, ಸ್ವಲ್ಪ, ಎನ್ನುತ್ತಾ ವಾಪಸು ನಡೆದ. ಏಪ್ರನ್ನಿನ ಹೆಂಗಸು ಅಲ್ಲೇ ಇದ್ದಳು. "ಮತ್ತೆ ಬಂದ್ರಾ?" ಎಂದಳು. ಅವನು ಕೂತು, ಕೆಂಪು ಪೊಟ್ಟಣವನ್ನು ಅದರ ಜಾಗದಲ್ಲಿಟ್ಟು, ಇಟ್ಟ ಮೇಲೆ ತಡೆಯಲಾರದೆ ಮುಖವನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿದ. ಆಮೇಲೆ ಅವಳು ಚಾಚಿದ ಕೈ ಹಿಡಿದುಕೊಂಡೇ ಎದ್ದ. ಬಿಳಿಯದು ಎದುರಿಗೇ ಇತ್ತು. ಅದಕ್ಕೆ ಹುಡುಕುವ, ಬಗ್ಗುವ ಕೆಲಸವೇ ಇರಲಿಲ್ಲ.

ಮನೆಯಲ್ಲಿ ಅವಳು ನಿದ್ದೆ ಹೋಗಿದ್ದಳು. ಅವನು ಕಳ್ಳನ ಹಾಗೆ ಅಡುಗೆಮನೆಗೆ ಹೋಗಿ, ಪೊಟ್ಟಣವನ್ನು ಸದ್ದಾಗದಂತೆ ಕತ್ತರಿಸಿ, ಡಬ್ಬಕ್ಕೆ ಸುರಿದು, ಮುಚ್ಚಳ ಒತ್ತಿ, ಹಬೆ ಮುಂದಾಗುವ ಹಾಗೆ ಇಟ್ಟ. ಖಾಲಿ ಪೊಟ್ಟಣ ಕೈಯಲ್ಲಿ ಉಳಿಯಿತು. ಕಸದ ಬುಟ್ಟಿಗೆ ಹಾಕುವಂತಿಲ್ಲ, ಅವಳು ಏಳುವಳು, ನೋಡುವಳು. ಹಾಗೆ ಯೋಚಿಸುತ್ತಲೇ ಇನ್ನೊಂದೂ ಹೊಳೆಯಿತು: ಈ ಮನೆಯ ಕಸ ಹೊರಗೆ ಹಾಕುವವನು ಅವನೇ. ಕೆಲಸ ಹೋದ ಮೇಲೆ ತಾನಾಗಿ ಕೇಳಿ ವಹಿಸಿಕೊಂಡದ್ದು. ಹಾಗಾದರೆ ಅವಳು ಎಲ್ಲಿ ಹಾಕುತ್ತಿದ್ದಳು? ಅಕ್ಕಿಯ ಡ್ರಮ್ಮಿನ ಹಿಂದೆ ಕೈಯಾಡಿಸಿದ. ಸಿಕ್ಕಿತು. ನೀಟಾಗಿ ಮಡಿಸಿ ರಬ್ಬರು ಹಾಕಿದ ಬಿಳಿ ಪೊಟ್ಟಣಗಳ ಒಂದು ಸಣ್ಣ ಕಟ್ಟು. ಒಂದಿಷ್ಟಾದ ಮೇಲೆ ಕೆಲಸಕ್ಕೆ ಹೋಗುವಾಗ ಕೈಚೀಲದಲ್ಲಿ ಒಯ್ದು ಎಲ್ಲಾದರೂ ಹಾಕುತ್ತಿದ್ದಿರಬೇಕು. ತನ್ನದನ್ನೂ ಅವನು ಹಾಗೆಯೇ ಮಡಿಸಿದ. ಹಳೆಯದು ಮುಂದೆ, ಹೊಸದು ಹಿಂದೆ. ಕಟ್ಟಿನ ಹಿಂಬದಿಗೆ ಸೇರಿಸಿ, ರಬ್ಬರು ಹಾಕಿ, ಇದ್ದಲ್ಲೇ ಇಟ್ಟ.

ನೀರು ಕುದಿಯಿತು. ಇಷ್ಟು ವರ್ಷದಲ್ಲಿ ಟೀ ಮಾರಿದ್ದನೇ ಹೊರತು ಮಾಡಿರಲಿಲ್ಲ. ಹಾಲು ಉಕ್ಕಿ ಒಲೆ ಹಾಳಾಯಿತು. ಸೋಸಿ, ತನ್ನ ಪಾಲಿನದನ್ನು ಅಲ್ಲೇ ನಿಂತು ಬಾಯಿಗೆ ಹಾಕಿದ. ಮರದ ಹೊಟ್ಟು ಬರಲಿ ಎಂದು ಕಾದ. ಬರಲಿಲ್ಲ. ಪೇಪರು, ಅವಳ ಬಳೆಯ ಸದ್ದು, ಬಸ್ಸಿಗೆ ಹೊತ್ತಾಯಿತು ಎಂಬ ಗಡಿಬಿಡಿ, ಎಲ್ಲ ಬೆಳಿಗ್ಗೆಗಳೂ ಆ ಗುಟುಕಿನಲ್ಲಿ ಇದ್ದ ಹಾಗೆಯೇ ಇದ್ದವು.

ಲೋಟದ ಸದ್ದಿಗೆ ಅವಳು ಕಣ್ಣು ಬಿಟ್ಟಳು. ನೋಡಿದಳು. ದಿಂಬಿಗೆ ಒರಗಿ ಕೂತಳು.

"ಪುಡಿ ಎಲ್ಲಿತ್ತು?"

"ತಂದೆ."

"ಬೇಡ ಅಂದಿದ್ನಲ್ಲ."

"ಅಂದಿದ್ದೆ."

"ಯಾವುದು ತಂದ್ರಿ?"

"ಯಾವುದು ಅಂದ್ರೆ? ನಮ್ಮನೇಲಿ ಎಷ್ಟು ಥರ ಇದೆ? ಯಾವಾಗ್ಲೂ ಕುಡಿಯೋದೇ ತಂದೆ."

ಅವಳು ಒಂದು ಗುಟುಕು ಕುಡಿದಳು. ಅವನು ಹಾಸಿಗೆಯ ಪಕ್ಕ ನಿಂತು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ, ಅವಳ ಮುಖವನ್ನೇ ನೋಡಿದ.

"ಹೇಗಿದೆ?"

"ಜ್ವರದ ಬಾಯಿಗೆ ಏನು ತಿಳಿಯುತ್ತೆ." ಇನ್ನೊಂದು ಗುಟುಕು. "ಬಿಸಿ ಇದೆ."

ಅವನಿಗೆ ಹಾಯೆನಿಸಿತು. ಆ ಹಾಯಿಗೇ ನಾಲಿಗೆ ಸಡಿಲಾಯಿತು. ಕೆಲಸದಲ್ಲಿದ್ದಾಗ ಸಂಜೆ ಬಂದು ಅಂಗಡಿಗಳವರನ್ನು ಬೈಯುತ್ತಿದ್ದ ದನಿಯಲ್ಲಿ ಹೇಳಿದ: "ಇನ್ಮೇಲೆ ನಾನೇ ತರ್ತೀನಿ ಬಿಡು. ನಮ್ಮ ಕಂಪನಿದನ್ನ ತಗೊಂಡ್ಹೋಗಿ ನೆಲದ ಹತ್ರ ಇಟ್ಟಿದಾರೆ. ಅಷ್ಟು ಬಗ್ಗೋಕೆ ನಿನ್ನ ಸೊಂಟಕ್ಕೆ ಆಗಲ್ಲ."

"ಬಗ್ಗಬೇಕಾ?" ಎಂದಳು ಅವಳು.

ಹೇಳಿದ ಕೂಡಲೇ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. ಹೊರಗೆ ಯಾರೋ ಬಕೆಟ್ಟು ಎಳೆಯುತ್ತಿದ್ದರು. ಅವಳ ಕಣ್ಣು ಲೋಟದೊಳಗಿತ್ತು. ಕಿವಿಯ ಹಿಂದೆ ಬೆವರಿನ ಒಂದು ಹನಿ ಇಳಿಯಲೋ ಬೇಡವೋ ಎಂದು ಕಾಯುತ್ತಿತ್ತು.

"ಇಲ್ಲ, ಇಲ್ಲ," ಎಂದ ಅವನು. "ಎಲ್ಲಿ ಬಗ್ಗೋದು. ನಾನೇ ಏನೋ ಹೇಳ್ದೆ. ಕಣ್ಣೆದುರಿಗೇ ಇದೆ. ಕೈ ಚಾಚಿದ್ರೆ ಸಿಗೋ ಹಾಗಿದೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಹಲಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಗಿರಾಕಿ ನಿಜವಾಗಿ ಓದುತ್ತಿದ್ದಾನೋ, ಇಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಾನೋ ಎಂದು ಅವಳು ಕನ್ನಡಕದ ಅಂಗಡಿಯಲ್ಲಿ ನೋಡುತ್ತಿದ್ದದ್ದು ಹೀಗೆಯೇ ಇರಬೇಕು.

"ಹೌದು," ಎಂದಳು ಕೊನೆಗೆ. "ಅಲ್ಲೇ ಇರುತ್ತೆ."

ಆಮೇಲೆ ಅರ್ಧ ಉಳಿದಿದ್ದ ಲೋಟವನ್ನು ಅವನ ಕಡೆ ಚಾಚಿದಳು. "ತಗೊಳ್ಳಿ. ನೀವಿನ್ನೂ ಹೇಳೇ ಇಲ್ವಲ್ಲ."

ಅವನು ಹಾಸಿಗೆಯ ಅಂಚಿನಲ್ಲಿ ಕೂತು ಕುಡಿದ. ಕಣ್ಣು ಮುಚ್ಚಿದ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿದ. ಇಷ್ಟು ವರ್ಷ ತಾನಾಗಿ ಬರುತ್ತಿದ್ದ ಮಾತು ಇವತ್ತು ಎಲ್ಲೋ ಹಿಂದಕ್ಕೆ ಸರಿದು, ಕತ್ತಲಲ್ಲಿ ಒರಗಿಕೊಂಡಿತ್ತು. ಬಗ್ಗಿ, ಕೈಹಾಕಿ, ಎಳೆದು ತರಬೇಕಾಯಿತು.

"ಇದೀಗ ಟೀ" ಎಂದ.

ಅವಳು ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು.